ಕುಲುಮೆ ಆರುವ ಹೊತ್ತು

ಕಣ್ಣು ಪೂರ್ತಿ ಮಸುಕಾದ ಮೇಲೆ ಅತ್ತೆ ತಮ್ಮ ಓದುವ ದೀಪವನ್ನು ಸೊಸೆಗೆ ಕೊಟ್ಟುಬಿಟ್ಟರು. "ನನಗಿನ್ನು ಇದು ದಂಡ. ನಿನ್ನ ಕೆಲಸದ ಮನೇಲಿ ಇಟ್ಕೋ," ಎಂದರು. ಅತ್ತು ಕರೆದು ಮಾಡಲಿಲ್ಲ. ವಯಸ್ಸಿದ್ದಷ್ಟು ಕಾಲ ಕಾಲೇಜಿನಲ್ಲಿ ಗಣಿತ ಕಲಿಸಿದ ಹೆಂಗಸು. ಇದ್ದದ್ದನ್ನು ಇದ್ದ ಹಾಗೇ ಒಪ್ಪಿಕೊಳ್ಳುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು. ಆದರೆ ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಹಿಡಿದವರು ಊಟಕ್ಕೆ ಕರೆದರಷ್ಟೇ ಏಳುತ್ತಿದ್ದರು.

ಮನೆಯ ಹಿಂದೆ ತಗಡಿನ ಸೂರಿನ ಉದ್ದನೆಯ ಕೊಠಡಿ. ಅಲ್ಲಿ ಸೊಸೆ, ಅವಳ ಗಂಡ ಇಬ್ಬರೂ ಸೇರಿ ಗಾಜಿನ ಎರಕ ಹೊಯ್ಯುತ್ತಿದ್ದರು. ಅಚ್ಚು ಕಟ್ಟುವುದು, ಗಾಜು ತುಂಬುವುದು, ಕಾಯಿಸುವುದು ಸೊಸೆಯ ಕೆಲಸ. ಗಿರಾಕಿಗಳ ಜೊತೆ ಮಾತು, ಸಾಗಣೆ, ಕುಲುಮೆಯ ರಿಪೇರಿ ಗಂಡನ ಪಾಲಿಗೆ. ಕುಲುಮೆ ಎಂದರೆ ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಒಳಗೆಲ್ಲ ಬಿಳಿ ಇಟ್ಟಿಗೆ, ಗೋಡೆಗಳಲ್ಲಿ ವಿದ್ಯುತ್ತಿನ ಸುರುಳಿ. ಗಾಜು ಕರಗಿಸುವುದು ಅಂಥ ಕಷ್ಟದ ಮಾತಲ್ಲ. ಆರಿಸುವುದೇ ಕಷ್ಟ. ದಪ್ಪ ಗಾಜನ್ನು ಅವಸರದಲ್ಲಿ ಆರಿಸಿದರೆ ಹೊರಮೈ ತಣ್ಣಗಾಗಿ ಕುಗ್ಗುತ್ತದೆ, ಒಡಲು ಇನ್ನೂ ಬಿಸಿಯಾಗಿ ಹಿಗ್ಗಿಕೊಂಡಿರುತ್ತದೆ. ಆ ಎಳೆದಾಟದಲ್ಲಿ ಗಾಜು ಸೀಳುತ್ತದೆ.

ಆ ಸಲ ಸೀಳಿದ್ದು ದೂರದರ್ಶಕದ ಕನ್ನಡಿಗೆಂದು ಹೊಯ್ದಿದ್ದ ದೊಡ್ಡ ಬಿಲ್ಲೆ. ಆಕಾಶ ನೋಡುವವರ ಸಂಘವೊಂದು ಮಾಡಿಸಿತ್ತು. ಸಂಘದ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಬಾಯಿ ತೆರೆಸಿ ನೋಡುವುದಕ್ಕಿಂತ ಮೇಲೆ ಮುಖ ಮಾಡಿ ನೋಡುವುದರಲ್ಲೇ ಅವರಿಗೆ ಆಸಕ್ತಿ ಹೆಚ್ಚು ಎಂದು ರೋಗಿಗಳೇ ನಗುತ್ತಿದ್ದರು. ಕುಲುಮೆಯ ಬಾಗಿಲು ಮುಟ್ಟಿದರೆ ಬೆಚ್ಚಗಷ್ಟೇ ಇದೆ ಎಂದು ಗಂಡ ತೆರೆದ. ಟಣ್ ಎಂದು ಸದ್ದಾಯಿತು. ಬಿಲ್ಲೆ ಎರಡು ಹೋಳು.

ಡಾಕ್ಟರು ದೊಡ್ಡ ಮನಸ್ಸಿನವರು. "ಇನ್ನೊಂದು ಹೊಯ್ಯಿರಿ, ನಕ್ಷತ್ರ ಎಲ್ಲಿಗೂ ಓಡಿ ಹೋಗಲ್ಲ," ಎಂದರು. ಗಂಡ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ. ಸೊಸೆಗೆ ಮಾತ್ರ ಒಂದು ಪ್ರಶ್ನೆ ತಲೆಗೆ ಹತ್ತಿ ಕೂತಿತು: ಎಷ್ಟು ಹೊತ್ತಿಗೆ ತೆರೆದರೆ ಸರಿ ಎಂದು ಕೈಯಿಂದ ಮುಟ್ಟದೆ, ಅಂದಾಜಿನ ಮೇಲೆ ಹೋಗದೆ ತಿಳಿಯುವುದು ಹೇಗೆ?

ಮಧ್ಯಾಹ್ನ ಚಹಾ ಹಿಡಿದು ಅತ್ತೆಯ ಎದುರು ಸ್ಟೂಲು ಎಳೆದುಕೊಂಡಳು.

"ಅತ್ತೆ, ನನಗೆ ಲಾಗರಿದಮ್ ಹೇಳಿಕೊಡಿ."

ಅತ್ತೆ ಚಹಾದ ಲೋಟ ತಡಕಿ ಹಿಡಿದುಕೊಂಡರು. "ನನಗೆ ಹೊತ್ತು ಹೋಗಲಿ ಅಂತ ಬಂದೆಯೇನೇ?"

"ಅರ್ಧ ಅದಕ್ಕೆ. ಇನ್ನರ್ಧ ಕುಲುಮೆಗೆ."

"ಅರ್ಧ ಸಾಕು. ಕೂತ್ಕೋ. ಆದರೆ ನನಗೆ ನೀನು ಬರೆಯೋದು ಕಾಣಲ್ಲ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲೇ ನುಂಗಿದರೆ ತಪ್ಪು ಅಲ್ಲೇ ಬೇರು ಬಿಡುತ್ತೆ."

ಸೊಸೆ ಗಣಿತದಲ್ಲಿ ಹೇಗೋ ಪಾಸಾಗಿ ದಡ ಮುಟ್ಟಿದವಳು. ಲಾಗ್ ಎಂದರೆ ಪರೀಕ್ಷೆಯ ಹಾಲಿನಲ್ಲಿ ಹಂಚುತ್ತಿದ್ದ, ಸಣ್ಣ ಅಕ್ಷರದ ಕೋಷ್ಟಕ ಎಂಬಷ್ಟೇ ನೆನಪು. ಅತ್ತೆ ಅದನ್ನೆಲ್ಲ ಗುಡಿಸಿ ಹಾಕಿದರು.

"ಲಾಗ್ ಅಂದರೆ ಒಂದು ಪ್ರಶ್ನೆ ಕಣೇ, ಅಷ್ಟೇ. ಎರಡನ್ನ ಎಷ್ಟನೇ ಘಾತಕ್ಕೆ ಏರಿಸಿದರೆ ಎಂಟು ಬರುತ್ತೆ?"

"ಮೂರು."

"ಹಾಗಾದರೆ ಎರಡರ ಲೆಕ್ಕದಲ್ಲಿ ಎಂಟರ ಲಾಗ್ ಮೂರು. ಮುಗೀತು. ಸ್ವಾಭಾವಿಕ ಲಾಗ್‌ನಲ್ಲಿ ಎರಡರ ಜಾಗದಲ್ಲಿ 'ಇ' ಅನ್ನೋ ಸಂಖ್ಯೆ ಇರುತ್ತೆ. ಎರಡು ಪಾಯಿಂಟ್ ಏಳು ಒಂದು ಎಂಟು, ಮುಂದೆ ಹೋಗ್ತಾನೇ ಇರುತ್ತೆ."

"ಅಂಥ ಅಡ್ಡಾದಿಡ್ಡಿ ಸಂಖ್ಯೆಗೆ ಸ್ವಾಭಾವಿಕ ಅಂತ ಹೆಸರೇ?"

ಅತ್ತೆ ಬಹಳ ದಿನದ ಮೇಲೆ ನಕ್ಕರು. "ನಮಗೆ ಅಡ್ಡಾದಿಡ್ಡಿ. ನಿನ್ನ ಕುಲುಮೆಯನ್ನ ಕೇಳು, ಅದಕ್ಕೆ ಹತ್ತು, ನೂರು ಗೊತ್ತಿಲ್ಲ. ತನ್ನಲ್ಲಿ ಎಷ್ಟು ಬಿಸಿ ಇದೆಯೋ ಅದಕ್ಕೆ ತಕ್ಕ ಹಾಗೆ ಕಳ್ಕೊಳ್ಳೋದು ಮಾತ್ರ ಗೊತ್ತು. ಹೆಚ್ಚಿದ್ದಾಗ ಹೆಚ್ಚು ಬಿಡುತ್ತೆ, ಕಡಿಮೆ ಇದ್ದಾಗ ಕಡಿಮೆ. ಹಾಗೆ ಇದ್ದದ್ದರ ಮೇಲೆ ನಡೆಯೋ ಏರಿಳಿತ ಎಲ್ಲೇ ಇರಲಿ, ಈ ಸಂಖ್ಯೆ ಕರೀದೇನೇ ಬಂದು ಕೂತ್ಕೊಳ್ಳುತ್ತೆ."

ಪಾಠ ದಿನಾ ನಡೆಯಿತು. ಲಾಗ್‌ನ ಒಳಗೆ ಗುಣಾಕಾರವಿದ್ದರೆ ಹೊರಗೆ ಕೂಡುವುದು. ಒಳಗೆ ಭಾಗಾಕಾರವಿದ್ದರೆ ಹೊರಗೆ ಕಳೆಯುವುದು. ಒಳಗಿನ ಘಾತ ಮುಂದಕ್ಕೆ ಜಾರಿ ಬಂದು ಗುಣಿಸುತ್ತದೆ. ಸೊಸೆ ಅಚ್ಚಿಗೆ ಮಣ್ಣು ಕಲಸುತ್ತ ಇದನ್ನೇ ಬಾಯಿಪಾಠ ಹೇಳುತ್ತಿದ್ದಳು. ಅತ್ತೆ ಕುರ್ಚಿ ಬಿಟ್ಟು, ಗೋಡೆ ಹಿಡಿದುಕೊಂಡು, ಕೆಲಸದ ಮನೆಯವರೆಗೆ ಬಂದು ಕೂರತೊಡಗಿದರು. ಅಲ್ಲಿಂದಲೇ ಪ್ರಶ್ನೆ ಎಸೆಯುತ್ತಿದ್ದರು. ಗಂಡ ಅತ್ತಿತ್ತ ಓಡಾಡುತ್ತ, "ಅಮ್ಮ, ಇವಳು ಅಡುಗೆ ಮನೇಲೂ ಲಾಗ್ ತೆಗೀತಿದ್ದಾಳೆ, ಉಪ್ಪು ಯಾವ ಘಾತಕ್ಕೆ ಏರಿದೆಯೋ ನೋಡು," ಎಂದು ರೇಗಿಸುತ್ತಿದ್ದ.

ಒಂದೇ ಒಂದು ಕಡೆ ಸೊಸೆ ಮತ್ತೆ ಮತ್ತೆ ಎಡವುತ್ತಿದ್ದಳು. ಒಳಗೆ ಕಳೆಯುವ ಲೆಕ್ಕವಿದ್ದರೆ ಅದನ್ನೂ ಎರಡು ಲಾಗ್ ಮಾಡಿ ಒಡೆದುಬಿಡುತ್ತಿದ್ದಳು.

"ನಿಲ್ಲಿಸು," ಎನ್ನುತ್ತಿದ್ದರು ಅತ್ತೆ. "ಒಳಗೆ ಕೂಡುವುದು, ಕಳೆಯುವುದು ಇದ್ದರೆ ಲಾಗ್ ಅದನ್ನ ಬಿಡಿಸಲ್ಲ. ಮೊದಲು ಕಳೆದು ಮುಗಿಸು. ಘಾತ ಇರೋ ಪದ ಒಂದೇ ಒಂದು ಕಡೆ ಒಂಟಿಯಾಗಿ ನಿಲ್ಲಲಿ. ಆಮೇಲೆ ಲಾಗ್ ತಗೋ."

ಎರಡನೆಯ ಬಿಲ್ಲೆ ಹೊಯ್ದರು. ಆರಿಸುವುದರಲ್ಲಿ ಅತಿ ನಾಜೂಕಾದ ಮೊದಲ ಹಂತ ಸುಸೂತ್ರವಾಗಿ ಮುಗಿಯಿತು. ಕುಲುಮೆಯ ನಿಯಂತ್ರಕ ಬಿಸಿಯನ್ನು ಗಂಟೆ ಗಂಟೆಗೂ ಹದವಾಗಿ ಇಳಿಸುತ್ತ ಬಂದಿತ್ತು. ಇನ್ನುಳಿದ ದಾರಿಗೆ ಇದ್ದದ್ದು ಒಂದೇ ಕಟ್ಟಪ್ಪಣೆ. ಆ ದಪ್ಪಕ್ಕೆ ಗಂಟೆಗೆ ಹದಿನೈದು ಡಿಗ್ರಿಗಿಂತ ಹೆಚ್ಚು ಇಳಿಯಕೂಡದು ಎಂದು ಗಾಜು ಒದಗಿಸುವವರು ಹೇಳಿದ್ದರು. ಬೆಳಗ್ಗೆ ಏಳು ಗಂಟೆಗೆ ಸೊಸೆ ಬಾಗಿಲು ತೆಗೆದು ಒಳಗೆ ಬಂದಳು. ಅದೇ ಹೊತ್ತಿಗೆ ಬೀದಿಯ ಕೊನೆಯಲ್ಲಿ ಢಮ್ ಎಂದಿತು. ಕುಲುಮೆಯ ಕೆಂಪು ಅಂಕಿಗಳು ಆರಿಹೋದವು.

ಗಂಡ ಓಡಿ ಹೋಗಿ ನೋಡಿಕೊಂಡು ಬಂದ. "ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ನಾಳೆ ಸಂಜೆ ತನಕ ಕರೆಂಟಿನ ಮಾತೇ ಇಲ್ಲವಂತೆ."

ಬ್ಯಾಟರಿ ಹಾಕಿದ ಸಣ್ಣ ಮೀಟರನ್ನು ಸೊಸೆ ಕುಲುಮೆಯ ಬಿಸಿ ಅಳೆಯುವ ತಂತಿಗೆ ಸಿಕ್ಕಿಸಿದಳು. 330 ಡಿಗ್ರಿ. ಎಂಟು ಗಂಟೆಗೆ ಮತ್ತೆ ನೋಡಿದಳು. 306.

ಗಂಡನ ಮುಖ ಅರಳಿತು. "ಗಂಟೆಗೆ ಇಪ್ಪತ್ನಾಲ್ಕು ಇಳೀತು. ಮುನ್ನೂರು ಡಿಗ್ರಿ ಇಳಿಯೋಕೆ ಹನ್ನೆರಡೂವರೆ ಗಂಟೆ. ಸಂಜೆ ಏಳೂವರೆಗೆ ತಣ್ಣಗಾಗಿರುತ್ತೆ. ಒಂದು ಲೆಕ್ಕಕ್ಕೆ ಕರೆಂಟು ಹೋಗಿದ್ದೇ ಒಳ್ಳೇದಾಯ್ತು ನೋಡು."

"ರೀ, ಇಪ್ಪತ್ನಾಲ್ಕು ಅಂದರೆ ಹದಿನೈದಕ್ಕಿಂತ ಹೆಚ್ಚಲ್ವಾ? ಒಂದೆರಡು ಗಂಟೆ ತಡ್ಕೊಂಡೀತು, ಇದೇ ವೇಗದಲ್ಲಿ ಬಿಟ್ಟರೆ ಒಳಗೇ ಸೀಳುತ್ತೆ. ಇನ್ನೊಂದು, ಇದು ಗಂಟೆಗೆ ಇಪ್ಪತ್ನಾಲ್ಕರ ಹಾಗೆ ಇಳೀತಾ ಹೋಗಲ್ಲ. ಬರ್ತಾ ಬರ್ತಾ ನಿಧಾನ ಆಗುತ್ತೆ."

ಗಂಡ ನಗು ನುಂಗಿಕೊಂಡ. ಹೋದ ಸಲದ ಟಣ್ ಶಬ್ದ ಅವನ ಕಿವಿಯಲ್ಲಿ ಇನ್ನೂ ಇತ್ತು. "ಹಾಗಾದರೆ ಏನು ಮಾಡೋಣ, ಹೇಳು."

ಅತ್ತೆ ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. "ಕೊಠಡಿ ಎಷ್ಟು ಡಿಗ್ರಿ ಇದೆ?" ಎಂದರು.

"ಮೂವತ್ತು, ಅತ್ತೆ."

"ಗಟ್ಟಿಯಾಗಿ ಹೇಳ್ತಾ ಮಾಡು."

ಸೊಸೆ ಸ್ಲೇಟಿನ ಬಣ್ಣದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದಳು. ಬರೆದಂತೆಲ್ಲ ಬಾಯಲ್ಲಿ ಹೇಳಿದಳು. "ಮುನ್ನೂರ ಮೂವತ್ತರ ಲಾಗ್, ಅದರಿಂದ ಮುನ್ನೂರ ಆರರ ಲಾಗ್..." ಅಲ್ಲೇ ನಿಂತಳು. ಸೊಸೆ ಬರೆದದ್ದನ್ನು ಅಂಗೈಯಿಂದ ಒರೆಸಿದಳು. "ಅಲ್ಲ. ಕುಲುಮೆ ಕಳ್ಕೊಳ್ಳೋದು ಕೊಠಡಿಗಿಂತ ಹೆಚ್ಚಿಗೆ ಇರೋ ಬಿಸಿಯನ್ನ ಮಾತ್ರ. ಮೊದಲು ಮೂವತ್ತು ಕಳೀಬೇಕು. ಮುನ್ನೂರು ಇದ್ದದ್ದು ಇನ್ನೂರ ಎಪ್ಪತ್ತಾರಾಯ್ತು."

"ಹಾಂ. ಮುಂದೆ?"

"ಇನ್ನೂರ ಎಪ್ಪತ್ತಾರು ಅಂದರೆ ಮುನ್ನೂರು ಗುಣಿಸು 'ಇ'ಯ ಘಾತ ಮೈನಸ್ ಕೆ. ಮುನ್ನೂರರಿಂದ ಭಾಗಿಸಿ ಘಾತದ ಪದವನ್ನ ಒಂಟಿ ಮಾಡ್ದೆ. ಈಗ ಎರಡೂ ಕಡೆ ಲಾಗ್ ತಗೊಂಡೆ. ಘಾತ ಕೆಳಗಿಳೀತು." ಫೋನಿನ ಕ್ಯಾಲ್ಕುಲೇಟರ್ ಒತ್ತಿದಳು. "ಕೆ ಅಂದರೆ 0.0834."

ಗಂಡ ಗೋಡೆಯನ್ನೇ ನೋಡುತ್ತಿದ್ದ. "ಈ ಕೆ ಯಾರು?"

"ಕುಲುಮೆಯ ಗುಣ," ಎಂದಳು ಸೊಸೆ. "ಇರೋ ಹೆಚ್ಚುವರಿ ಬಿಸಿಯಲ್ಲಿ ಎಷ್ಟು ಪಾಲು ಸೋರುತ್ತೆ ಅನ್ನೋದು. ನೂರಕ್ಕೆ ಎಂಟು ಚಿಲ್ಲರೆ ಅಂತ ಇಟ್ಕೊಳ್ಳಿ. ಆ ಬಿಸಿ ಇನ್ನೂರ ಎಪ್ಪತ್ತಕ್ಕೆ ಬರೋ ಹೊತ್ತಿಗೆ ಇಳಿಯೋ ವೇಗ ಹದಿನೈದರ ಒಳಗೆ ಬರಬೇಕು ಅಂದರೆ ಕೆ 0.055ಕ್ಕೆ ಇಳೀಬೇಕು. ಸೋರೋದನ್ನ ಕಡಿಮೆ ಮಾಡಬೇಕು. ಹೊದಿಸೋಣ."

ಬೆಂಕಿ ತಡೆಯುವ ಬಿಳಿ ನಾರಿನ ಹೊದಿಕೆಯ ಎರಡು ಸುರುಳಿ ಅವರಲ್ಲೇ ಇದ್ದವು. ಸಾಲದ್ದಕ್ಕೆ ಗಂಡ ಪಕ್ಕದ ವೆಲ್ಡಿಂಗ್ ಅಂಗಡಿಗೆ ಓಡಿದ. ಕರೆಂಟಿಲ್ಲದೆ ಕೈಕಟ್ಟಿ ಕೂತಿದ್ದ ವೆಲ್ಡರ್ ತನ್ನಲ್ಲಿದ್ದದ್ದನ್ನೂ ಹೊತ್ತುಕೊಂಡು, ತಮಾಷೆ ನೋಡಲು ತಾನೂ ಬಂದ. ಕುಲುಮೆಯ ತಲೆಯ ಮೇಲೆ, ಸುತ್ತ, ಬಾಗಿಲ ಸಂದಿಗೆ ಹೊದಿಕೆ ಬಿಗಿದು ತಂತಿ ಕಟ್ಟಿದರು. "ಜ್ವರ ಬಂದವರಿಗೆ ಹೊದಿಸಿದ ಹಾಗಿದೆಯಲ್ರೀ," ಎಂದ ವೆಲ್ಡರ್. ಕೆಲಸ ಮುಗಿಯುವಾಗ ಎಂಟೂವರೆ. ಮೀಟರು 300 ತೋರಿಸುತ್ತಿತ್ತು.

ಆಮೇಲಿನ ಎರಡು ಗಂಟೆ ಯಾರಿಗೂ ಮಾಡಲು ಏನೂ ಇರಲಿಲ್ಲ. ಗಂಡ ಅಂಗಳ ಗುಡಿಸಿದ. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದ. ನಡುವೆ ಹಲ್ಲಿನ ಡಾಕ್ಟರ ಫೋನು ಬಂತು. ಕನ್ನಡಿ ಉಜ್ಜುವ ಯಂತ್ರ ನಾಡಿದ್ದು ಮಧ್ಯಾಹ್ನ ಮಾತ್ರ ಸಿಗುತ್ತದೆ, ಬೆಳಗ್ಗೆ ಒಂಬತ್ತಕ್ಕೆ ವ್ಯಾನು ತರುತ್ತೇನೆ, ತೊಂದರೆ ಇಲ್ಲ ತಾನೇ, ಎಂದು ಕೇಳಿದರು. ಗಂಡ ಫೋನಿನ ಬಾಯಿ ಮುಚ್ಚಿ ಹೆಂಡತಿಯತ್ತ ನೋಡಿದ.

"ಹನ್ನೊಂದಕ್ಕೆ ಹೇಳ್ತೀನಿ ಅನ್ನಿ," ಎಂದಳು ಅವಳು.

ಹತ್ತೂವರೆಗೆ ಮೀಟರು 275 ತೋರಿಸಿತು. ಮೂವತ್ತು ಕಳೆದರೆ 245. ಇನ್ನೂರ ಎಪ್ಪತ್ತರಿಂದ ಇನ್ನೂರ ನಲವತ್ತೈದಕ್ಕೆ ಎರಡು ಗಂಟೆ. ಸೊಸೆ ಲಾಗ್ ತೆಗೆದು ಎರಡರಿಂದ ಭಾಗಿಸಿದಳು. "ಹೊಸ ಕೆ 0.0486. ಈಗ ಗಂಟೆಗೆ ಹನ್ನೆರಡರ ಹಾಗೆ ಇಳೀತಿದೆ."

ಗಂಡ ದೊಡ್ಡದಾಗಿ ಉಸಿರು ಬಿಟ್ಟ. "ಬಿಲ್ಲೆ ಉಳೀತು ಹಾಗಾದರೆ."

"ಉಳೀತು. ತೆರೆಯೋದು ಯಾವಾಗ ಅನ್ನೋದು ಈಗ ನೋಡಬೇಕು. ಐವತ್ತು ಡಿಗ್ರಿಗೆ ತೆರೆದರೆ ಭಯ ಇಲ್ಲ. ಅಂದರೆ ಹೆಚ್ಚುವರಿ ಇಪ್ಪತ್ತು. ಇನ್ನೂರ ನಲವತ್ತೈದನ್ನ ಇಪ್ಪತ್ತರಿಂದ ಭಾಗಿಸಿದರೆ ಹನ್ನೆರಡೂಕಾಲು. ಅದರ ಲಾಗ್..."

ಅವಳ ಕೈ ಫೋನಿಗೆ ಹೋಗುವ ಮೊದಲೇ ಅತ್ತೆ ಹೇಳಿದರು. "ಹನ್ನೆರಡೂಕಾಲು ಅಂದರೆ ಮೂರೂವರೆಯ ವರ್ಗ. ಮೂರೂವರೆ ಅಂದರೆ ಏಳನ್ನ ಎರಡರಿಂದ ಭಾಗಿಸಿದ್ದು. ಏಳರ ಲಾಗ್ 1.946, ಎರಡರದು 0.693. ಕಳೆದರೆ 1.253. ವರ್ಗ ಇದೆಯಲ್ಲ, ದುಪ್ಪಟ್ಟು ಮಾಡು. 2.506."

ಸೊಸೆ ಫೋನು ನೋಡಿದಳು. ಅದೂ ಅದನ್ನೇ ಹೇಳಿತು. ವೆಲ್ಡರ್ ಫೋನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದ.

"ಅದನ್ನ ಕೆಯಿಂದ ಭಾಗಿಸಿದರೆ ಐವತ್ತೊಂದೂವರೆ ಗಂಟೆ," ಎಂದಳು ಸೊಸೆ. ಬೆರಳು ಮಡಿಚಿ ಎಣಿಸಿ ಮುಖ ಸಣ್ಣದು ಮಾಡಿಕೊಂಡಳು. "ನಾಡಿದ್ದು ಮಧ್ಯಾಹ್ನ ಎರಡು ಗಂಟೆ ಆಗುತ್ತೆ."

"ಡಾಕ್ಟರು ಬರೋದು ಒಂಬತ್ತಕ್ಕೆ," ಎಂದ ಗಂಡ.

"ಯಂತ್ರ ಕೈ ತಪ್ಪಿದರೆ ಅವರಿಗೆ ಮತ್ತೆ ಯಾವಾಗ ಸಿಗುತ್ತೋ," ಎಂದರು ಅತ್ತೆ. "ಆದರೂ ಒಡೆದ ಬಿಲ್ಲೆಗಿಂತ ತಡವಾದ ಬಿಲ್ಲೆಯೇ ಮೇಲು ಅಂತ ಹೇಳಿಬಿಡು. ಲೆಕ್ಕ ಸರಿಯಾಗಿದೆ, ಅದನ್ನ ಬಗ್ಗಿಸೋಕೆ ಬರಲ್ಲ."

ಗಂಡ ಫೋನು ಕೈಗೆತ್ತಿಕೊಂಡ. ಸೊಸೆ ಗೋಡೆಯ ಎದುರೇ ನಿಂತಿದ್ದಳು. ಎರಡು ಕೆಗಳು ಒಂದರ ಕೆಳಗೊಂದು ಇದ್ದವು. ಮೊದಲನೆಯದನ್ನು ಬೆರಳಿನಿಂದ ಮುಟ್ಟಿದಳು.

"ಒಂದು ನಿಮಿಷ ರೀ. ಫೋನ್ ಮಾಡಬೇಡಿ."

"ಏನು?"

"ಹೊದಿಕೆ ಹಾಕಿದ್ದು ಯಾಕೆ? ವೇಗ ಹದಿನೈದು ದಾಟಬಾರದು ಅಂತ. ವೇಗ ಅಂದರೆ ಕೆ ಗುಣಿಸು ಹೆಚ್ಚುವರಿ ಬಿಸಿ. ಬಿಸಿ ಕಡಿಮೆ ಆದ ಮೇಲೆ ಕೆ ದೊಡ್ಡದಿದ್ದರೂ ಪರವಾಗಿಲ್ಲ ಅಲ್ವಾ? ಹೊದಿಕೆ ಕೊನೇ ತನಕ ಯಾಕಿರಬೇಕು? ಅತ್ತೆ, ಹೆಚ್ಚುವರಿ ಬಿಸಿ ನೂರ ಅರವತ್ತಕ್ಕೆ ಬಂದಾಗ ಹೊದಿಕೆ ತೆಗೆದರೆ ಹಳೇ ಕೆ ವಾಪಸ್ ಬರುತ್ತೆ. 0.0834 ಗುಣಿಸು ನೂರ ಅರವತ್ತು... ಹದಿಮೂರು ಚಿಲ್ಲರೆ. ಗಡಿಯ ಒಳಗೇ ಇದೆ!"

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಇದು ನನಗೆ ಹೊಳೆದೇ ಇರಲಿಲ್ಲ. ಮಾಡು, ಮಾಡು. ಎರಡು ತುಂಡು ಮಾಡಿ ಲೆಕ್ಕ ಹಾಕು."

"ಮೊದಲ ತುಂಡು ಇನ್ನೂರ ನಲವತ್ತೈದರಿಂದ ನೂರ ಅರವತ್ತರ ತನಕ, ಹೊದಿಕೆ ಇದ್ದ ಹಾಗೇ. ಲಾಗ್ 0.426. ಭಾಗಿಸಿದರೆ ಎಂಟೂಮುಕ್ಕಾಲು ಗಂಟೆ. ಸಂಜೆ ಏಳೂಕಾಲಿಗೆ ಹೊದಿಕೆ ತೆಗೀಬೇಕು. ಎರಡನೇ ತುಂಡು ನೂರ ಅರವತ್ತರಿಂದ ಇಪ್ಪತ್ತಕ್ಕೆ, ಹೊದಿಕೆ ಇಲ್ಲದೆ. ಭಾಗಿಸಿದರೆ ಎಂಟು. ಎಂಟರ ಲಾಗ್..." ಈ ಸಲ ಅವಳು ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. "ಎಂಟು ಅಂದರೆ ಎರಡರ ಘಾತ ಮೂರು. ಮೂರು ಮುಂದಕ್ಕೆ ಬಂತು. ಮೂರು ಗುಣಿಸು 0.693, ಅಂದರೆ 2.079. ಅದನ್ನ 0.0834ರಿಂದ ಭಾಗಿಸಿದರೆ ಇಪ್ಪತ್ತೈದು ಗಂಟೆ. ನಾಳೆ ರಾತ್ರಿ ಎಂಟೂಕಾಲಿಗೆಲ್ಲ ಐವತ್ತು ಡಿಗ್ರಿ!"

"ನಾಡಿದ್ದು ಬೆಳಗ್ಗೆ ಒಂಬತ್ತಕ್ಕೆ ಇನ್ನಷ್ಟು ತಣ್ಣಗಾಗಿರುತ್ತೆ," ಎಂದ ಗಂಡ. ಅಷ್ಟರಲ್ಲಿ ಅವನ ಬೆರಳು ಡಾಕ್ಟರ ನಂಬರನ್ನು ಒತ್ತಿಯಾಗಿತ್ತು. "ಡಾಕ್ಟ್ರೇ? ವ್ಯಾನು ತನ್ನಿ. ಹೌದು, ಖಂಡಿತ. ನನ್ನ ಹೆಂಡತಿ ಹೇಳಿದ್ದಾಳೆ."

ಸಂಜೆ ಏಳೂಕಾಲಿಗೆ ಮೀಟರು 190ರ ಬದಲು 193 ತೋರಿಸಿತು. ಗಂಡ ತಂತಿ ಬಿಚ್ಚಲು ಕೈ ಹಾಕಿದ.

"ಮೂರು ಡಿಗ್ರಿ ತಪ್ಪಾಯ್ತಲ್ಲ?" ಎಂದ.

"ಮಧ್ಯಾಹ್ನದ ಬಿಸಿಲಿಗೆ ಕೊಠಡಿ ಎರಡು ಡಿಗ್ರಿ ಏರಿತ್ತು, ಹೊದಿಕೆಯೂ ಎಲ್ಲ ಕಡೆ ಒಂದೇ ಸಮ ಇಲ್ಲ. ಲೆಕ್ಕ ಹತ್ತಿರಕ್ಕೆ ತಂದು ಬಿಡುತ್ತೆ, ಉಳಿದದ್ದು ನಾವು ನೋಡ್ಕೋಬೇಕು," ಎಂದಳು ಸೊಸೆ. "ಸ್ವಲ್ಪ ಹೊತ್ತು ತಡೀರಿ, ಕೂತ್ಕೊಳ್ಳಿ."

ಅವನು ಕೂತ. ಈ ಕುಲುಮೆಯ ಮುಂದೆ ಅವನು ಸುಮ್ಮನೆ ಕೂತದ್ದು ಅದೇ ಮೊದಲು. ಮೀಟರು 190ಕ್ಕೆ ಬಂದ ಮೇಲೆ ಇಬ್ಬರೂ ಸೇರಿ ಹೊದಿಕೆ ಬಿಚ್ಚಿದರು. ಮರುದಿನ ಸಂಜೆ ಕರೆಂಟು ಬಂತು. ಅಷ್ಟು ಹೊತ್ತಿಗೆ ಅದರ ಅಗತ್ಯವೇ ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ವ್ಯಾನು ಬಂದು ನಿಂತಿತು. ಡಾಕ್ಟರು ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಇಳಿದರು. ಕೈಯಲ್ಲಿ ಕಪ್ಪು ಕನ್ನಡಕದಂತೆ ಬೆಳಕು ಸೋಸುವ ಎರಡು ಕಪ್ಪು ಹಾಳೆಗಳಿದ್ದವು. ಮೀಟರಿನಲ್ಲಿ 36. ಗಂಡ ಬಾಗಿಲ ಹಿಡಿಯಿಂದ ಕೈ ತೆಗೆದು ಹಿಂದೆ ಸರಿದ. "ನೀನೇ ತೆಗಿ," ಎಂದ.

ಸೊಸೆ ತೆಗೆದಳು. ಯಾವ ಸದ್ದೂ ಆಗಲಿಲ್ಲ. ಅಚ್ಚಿನ ಮಣ್ಣನ್ನು ಕುಂಚದಿಂದ ಬಿಡಿಸುತ್ತ ಹೋದಂತೆ ಗಾಜಿನ ಅಂಚು ತಿಳಿ ಹಸಿರಾಗಿ ಹೊರಬಂತು. ಇಡೀ ಬಿಲ್ಲೆ ಒಂದೇ ತುಂಡಾಗಿ, ನಿಂತ ನೀರಿನ ಹಾಗೆ ಇತ್ತು. ಡಾಕ್ಟರು ಒಂದು ಕಪ್ಪು ಹಾಳೆಯನ್ನು ಬಿಲ್ಲೆಯ ಆಚೆ ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದನ್ನು ಬಿಲ್ಲೆಯ ಈಚೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಗಾಜಿನೊಳಗೆ ಬಿಗಿ ಉಳಿದಿದ್ದರೆ ಅಲ್ಲಿ ಬಣ್ಣದ ಪಟ್ಟೆ ಕಾಣುತ್ತದಂತೆ. ಅವರು ಬಹಳ ಹೊತ್ತು ನೋಡಿದರು.

"ಏನೂ ಕಾಣ್ತಿಲ್ಲ," ಎಂದರು ಡಾಕ್ಟರು ಕೊನೆಗೆ.

"ಅಯ್ಯೋ, ಕಾಣಬೇಕಿತ್ತೇ?" ಎಂದ ಗಂಡ.

"ಕಾಣಬಾರದು, ಮಹರಾಯ! ಚೂರೂ ಬಿಗಿ ಇಲ್ಲ. ಪಕ್ಕಾ ಹದ. ಹೇಗೆ ಆರಿಸಿದ್ರಿ ಇದನ್ನ, ಕರೆಂಟೇ ಇಲ್ಲದೆ?"

ಸೊಸೆ ಗೋಡೆ ತೋರಿಸಿದಳು. ಡಾಕ್ಟರು ಹತ್ತಿರ ಹೋಗಿ ಸಾಲು ಸಾಲಾಗಿ ಓದಿದರು. ನಡುವೆ ಒಂದು ಕಡೆ ನಿಂತು, "ಓಹೋ, ಇಲ್ಲಿ ಹೊದಿಕೆ ತೆಗೆದಿರಿ," ಎಂದು ತಾವೇ ಹೇಳಿಕೊಂಡು ಮುಂದೆ ಹೋದರು. ಫೋನು ತೆಗೆದು ಗೋಡೆಯ ಫೋಟೋ ಹಿಡಿದುಕೊಂಡರು. "ಮುಂದಿನ ಕನ್ನಡಿ ಇದರ ಎರಡರಷ್ಟು ದಪ್ಪ ಬೇಕು ಅಂತ ಸಂಘದಲ್ಲಿ ಮಾತಿದೆ. ಆಗುತ್ತಾ?"

ಗಂಡ ಹೆಂಡತಿಯ ಕಡೆ ನೋಡಿದ.

"ಆಗುತ್ತೆ," ಎಂದಳು ಅವಳು. "ಇಳಿಯೋ ವೇಗದ ಗಡಿ ಬೇರೆ ಆಗುತ್ತೆ, ಅಷ್ಟೇ. ಅದನ್ನ ತಿಳ್ಕೊಂಡು ಹೇಳ್ತೀನಿ."

ವೆಲ್ಡರನ್ನೂ ಕರೆದು ನಾಲ್ವರು ಸೇರಿ ಬಿಲ್ಲೆಯನ್ನು ವ್ಯಾನಿನಲ್ಲಿ ಹಾಸಿಗೆಯ ಮೇಲೆ ಮಲಗಿಸುವ ಮೊದಲು ಸೊಸೆ ಅತ್ತೆಯ ಕೈ ಹಿಡಿದು ಗಾಜಿನ ಮೇಲೆ ಇಟ್ಟಳು. ಅತ್ತೆ ಅಂಚಿನಿಂದ ಅಂಚಿಗೆ ಅಂಗೈ ಆಡಿಸಿದರು. ದಪ್ಪವನ್ನು ಹೆಬ್ಬೆರಳಿನಿಂದ ಅಳೆದರು. ಕೈ ಹಿಂದೆ ತೆಗೆಯಲೇ ಮನಸ್ಸಿಲ್ಲದವರಂತೆ ಮತ್ತೊಮ್ಮೆ ಸವರಿದರು.

"ಇನ್ನೂ ಬೆಚ್ಚಗಿದೆ ಕಣೇ," ಎಂದರು.

"ಆರು ಡಿಗ್ರಿ ಹೆಚ್ಚಿದೆ, ಅತ್ತೆ. ದಾರಿಯಲ್ಲಿ ಆರುತ್ತೆ."

ವ್ಯಾನು ಬೀದಿಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತ ಹೋಯಿತು. ಗಂಡ ಅಷ್ಟು ದೂರ ಜೊತೆಯಲ್ಲೇ ನಡೆದು, ತಿರುವಿನಲ್ಲಿ ಕೈಬೀಸಿ ವಾಪಸ್ಸು ಬಂದ. ಕೆಲಸದ ಮನೆಯಲ್ಲಿ ಅತ್ತೆ, ಸೊಸೆ ಆಗಲೇ ದಪ್ಪ ಗಾಜಿನ ಲೆಕ್ಕಕ್ಕೆ ಕೂತಿದ್ದರು. ಅವನು ಇನ್ನೊಂದು ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡ.

"ಮೊದಲಿಂದ ಹೇಳು," ಎಂದ. "ಈ ಲಾಗ್ ಅಂದರೆ ಏನು?"